ಬಿಪಿ ಇರುವವರ ಮನೆಯಲ್ಲಿ ಎಸೆನ್ಷಿಯಲ್ ಆಯಿಲ್: ಹೇಗೆ ಬಳಸಬೇಕು, ಎಲ್ಲಿ ನಿಲ್ಲಿಸಬೇಕು

ಲವಂಗದ ಎಣ್ಣೆ ಎರಡು ಹನಿ ಬಿಸಿನೀರಿಗೆ ಹಾಕಿ ಕುಡಿದರೆ ರಕ್ತನಾಳದ ಬ್ಲಾಕೇಜ್ ಎಲ್ಲ ಕರಗಿ ಹೋಗುತ್ತದಂತೆ. ಈ ತರಹದ ವಾಟ್ಸಾಪ್ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ, ಅಲ್ವಾ? ಕರಗುವುದಿಲ್ಲ. ಕುಡಿಯಲೂ ಬೇಡಿ. ಆದರೆ ಇದು ಪೂರ್ತಿ ಸುಳ್ಳಿನಿಂದ ಹುಟ್ಟಿದ ಮಾತೂ ಅಲ್ಲ. ಲ್ಯಾಬಿನಲ್ಲಿ ಈ ಎಣ್ಣೆಗಳು ರಕ್ತನಾಳದ ಮೇಲೆ ನಿಜವಾಗಿಯೂ ಕೆಲಸ ಮಾಡುತ್ತವೆ. ಲ್ಯಾಬಿನ ಸಂಗತಿ ನಮ್ಮ ಅಡುಗೆಮನೆಗೆ ಬರುವಷ್ಟರಲ್ಲಿ ಏನೇನೋ ಆಗಿಬಿಡುತ್ತದೆ, ಅಷ್ಟೇ. ಯಾವುದನ್ನು ಹೇಗೆ ಬಳಸಿದರೆ ಸ್ವಲ್ಪ ಉಪಯೋಗ, ಯಾವುದನ್ನು ಮುಟ್ಟಲೇಬಾರದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಒಂದು ಮಾತು ಮೊದಲೇ ಕೇಳಿಸಿಕೊಳ್ಳಿ. ಇಲ್ಲಿರುವ ಯಾವುದೂ ಮಾತ್ರೆಯ ಬದಲಿಗೆ ಅಲ್ಲ.

ಎಸೆನ್ಷಿಯಲ್ ಆಯಿಲ್ ಅಂದರೆ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ತರಹದ ಜಿಡ್ಡಿನ ಎಣ್ಣೆ ಅಲ್ಲ. ಎಲೆ, ಹೂವು, ತೊಗಟೆ, ಬೇರಿಗೆ ಹಬೆ ಹಾಯಿಸಿ ಭಟ್ಟಿ ಇಳಿಸಿದಾಗ ಬರುವ ಗಾಳಿಗೆ ಹಾರುವ ಸಾರ ಅದು. ನಿಂಬೆ, ಕಿತ್ತಳೆ ಜಾತಿಯದ್ದನ್ನು ಸಾಮಾನ್ಯವಾಗಿ ಸಿಪ್ಪೆ ಹಿಂಡಿಯೇ ತೆಗೆಯುತ್ತಾರೆ. ಕಿತ್ತಳೆ ಸಿಪ್ಪೆಯನ್ನು ದೀಪದ ಹತ್ತಿರ ಹಿಡಿದು ಮಡಚಿದರೆ ಚಟಚಟ ಅಂತ ಸಣ್ಣ ಕಿಡಿ ಹಾರುತ್ತದಲ್ಲ, ಚಿಕ್ಕಂದಿನಲ್ಲಿ ಎಲ್ಲರೂ ಆಡಿದ ಆಟ, ಆ ಚಿಮ್ಮುವ ತುಂತುರೇ ಎಸೆನ್ಷಿಯಲ್ ಆಯಿಲ್. ಅದರಲ್ಲಿ ಹೆಚ್ಚಿನ ಪಾಲು ಲಿಮೊನೀನ್ ಅನ್ನುವ ವಸ್ತು. ಹಾಗೆಯೇ ಲವಂಗದಲ್ಲಿ ಯೂಜಿನಾಲ್, ಲ್ಯಾವೆಂಡರಿನಲ್ಲಿ ಲಿನಲೂಲ್, ಓಮದಲ್ಲಿ ಥೈಮಾಲ್, ನೀಲಗಿರಿಯಲ್ಲಿ ಸಿನಿಯೋಲ್, ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್. ನಾವು ತಂಬುಳಿ ಮಾಡುವ ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಇರುತ್ತದೆ. ಈ ಹೆಸರುಗಳೆಲ್ಲ ನೆನಪಿರಬೇಕಾಗಿಲ್ಲ. ಒಂದೊಂದು ಎಣ್ಣೆಯೂ ಬೇರೆ ಬೇರೆ ರಾಸಾಯನಿಕ, ಎಲ್ಲವನ್ನೂ ಒಂದೇ ಅಂದುಕೊಳ್ಳಬಾರದು ಅನ್ನುವುದು ಗೊತ್ತಿದ್ದರೆ ಸಾಕು.

ಲ್ಯಾಬಿನಲ್ಲಿ ಆಗುವುದೇನು?

ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ ಇದೆ. ಎಂಡೋಥೀಲಿಯಂ ಅಂತ ಕರೆಯುತ್ತಾರೆ. ಬಹಳ ಕಾಲ ಅದನ್ನು ಸುಮ್ನೆ ಒಂದು ಹೊದಿಕೆ ಅಂದುಕೊಂಡಿದ್ದರು. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್, ಈ ಪದರವೇ ಯಾವುದೋ ವಸ್ತು ಬಿಡುಗಡೆ ಮಾಡಿ ನಾಳವನ್ನು ಸಡಿಲ ಮಾಡುತ್ತದೆ ಅಂತ ತೋರಿಸಿದರು. ಅದು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು. ಜಾಸ್ತಿ ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಹೊಗೆ, ಕೆಟ್ಟ ಕೊಲೆಸ್ಟ್ರಾಲ್ ಎಲ್ಲವೂ ಮೊದಲು ಹಾಳು ಮಾಡುವುದು ಈ ಪದರವನ್ನೇ. ಅದು ಹಾಳಾದ ಜಾಗದಲ್ಲಿ ಕೊಬ್ಬು ಒಳಗೆ ನುಸುಳಿ, ಉರಿಯೂತ ಶುರುವಾಗಿ, ವರ್ಷಗಟ್ಟಲೆ ಬೆಳೆದು, ಕೊನೆಗೆ ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಅಂತ ಕಾಣುತ್ತದೆ.

ಎಣ್ಣೆಗಳನ್ನು ಪರೀಕ್ಷೆ ಮಾಡುವುದು ಹೀಗೆ. ಇಲಿಯ ಮಹಾಧಮನಿಯನ್ನು ಕೆಲವೇ ಮಿಲಿಮೀಟರ್ ಅಗಲದ ಉಂಗುರಗಳಾಗಿ ಕತ್ತರಿಸಿ, 37 ಡಿಗ್ರಿ ಬಿಸಿಯ ಲವಣದ ನೀರಿನಲ್ಲಿ ಎರಡು ಕೊಕ್ಕೆಗಳ ನಡುವೆ ತೂಗು ಹಾಕುತ್ತಾರೆ. ಒಂದು ಔಷಧಿ ಹಾಕಿ ಅದು ಬಿಗಿಯುವಂತೆ ಮಾಡುತ್ತಾರೆ. ಆಮೇಲೆ ಯೂಜಿನಾಲ್, ಲಿನಲೂಲ್, ಕಾರ್ವಕ್ರಾಲ್ ಇಂಥದ್ದನ್ನು ಹಾಕಿದರೆ ಬಿಗಿದ ಉಂಗುರ ನಿಧಾನಕ್ಕೆ ಸಡಿಲವಾಗುತ್ತದೆ. ಕೆಲವು ಎಣ್ಣೆಗಳು ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ಈ ಕೆಲಸ ಮಾಡುತ್ತವೆ. ಇನ್ನು ಕೆಲವು, ಆ ಒಳಪದರವನ್ನು ಉಜ್ಜಿ ತೆಗೆದರೂ ಕೆಲಸ ಮಾಡುತ್ತವೆ. ಅಂದರೆ ನಾಳದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೋಗದಂತೆ ನೇರವಾಗಿ ತಡೆಯುತ್ತವೆ. ನಿಮ್ಮ ಬಿಪಿ ಮಾತ್ರೆ ಆಮ್ಲೊಡಿಪಿನ್ ಆಗಿದ್ದರೆ, ಅದೂ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಹಾಗಾದರೆ ಎಣ್ಣೆಯನ್ನೇ ಬಳಸಬಹುದಲ್ಲ ಅನ್ನಿಸುತ್ತದೆ. ಇಲ್ಲೇ ಸಮಸ್ಯೆ ಇರುವುದು. ಲ್ಯಾಬಿನಲ್ಲಿ ನಾಳವನ್ನು ಎಣ್ಣೆ ಬೆರೆತ ನೀರಿನಲ್ಲೇ ಮುಳುಗಿಸಿರುತ್ತಾರೆ. ಮೂಸಿದಾಗ ರಕ್ತಕ್ಕೆ ಸೇರುವುದು ಅದರ ಮುಂದೆ ಏನೂ ಅಲ್ಲ ಅನ್ನುವಷ್ಟು. ಲ್ಯಾವೆಂಡರ್ ಎಣ್ಣೆ ಹಚ್ಚಿ ಮಸಾಜ್ ಮಾಡಿ ರಕ್ತ ಪರೀಕ್ಷೆ ಮಾಡಿದ ಪ್ರಯೋಗದಲ್ಲಿ, ಸುಮಾರು 20 ನಿಮಿಷಕ್ಕೆ ಲಿನಲೂಲ್ ಮಟ್ಟ ಏರಿ, ಒಂದೂವರೆ ಗಂಟೆಯೊಳಗೆ ಬಹುತೇಕ ಮಾಯವಾಗಿತ್ತು. ಜಾಸ್ತಿ ಹೋಗಲಿ ಅಂತ ಕುಡಿದರೆ ರಕ್ತನಾಳಕ್ಕಿಂತ ಮೊದಲು ಬಾಯಿ, ಹೊಟ್ಟೆ, ಲಿವರ್‌ಗೆ ತೊಂದರೆ.

ಲವಂಗದ ಲೆಕ್ಕವನ್ನೇ ನೋಡಿ. ಒಣ ಲವಂಗದ ತೂಕದಲ್ಲಿ ಶೇಕಡಾ 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಒಂದು ಟೀ ಚಮಚ, ಅಂದರೆ 5 ಮಿಲಿ ಎಣ್ಣೆ ಬೇಕಾದರೆ 25ರಿಂದ 35 ಗ್ರಾಂ ಲವಂಗ ಭಟ್ಟಿಗೆ ಹೋಗಬೇಕು. ಪಲಾವಿಗೆ ನಾಲ್ಕು ಲವಂಗ ಹಾಕುವ ನಾವು ಒಂದು ಹಿಡಿ ಲವಂಗ ಒಟ್ಟಿಗೆ ಅಗಿದು ನುಂಗುತ್ತೇವಾ? ಮಕ್ಕಳು ಲವಂಗದ ಎಣ್ಣೆ ಕುಡಿದು ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ. "ನೈಸರ್ಗಿಕ, ಏನೂ ಆಗಲ್ಲ" ಅನ್ನುವವರಿಗೆ ಇದನ್ನು ಹೇಳಿ.

ಮೂಸುವುದು: ಇದೊಂದೇ ಸ್ವಲ್ಪ ಆಧಾರ ಇರುವ ದಾರಿ

ಜಪಾನಿನಲ್ಲಿ 2008ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಆರೋಗ್ಯವಂತ ಗಂಡಸರು ಲ್ಯಾವೆಂಡರ್ ಮೂಸಿದ ಮೇಲೆ ಹೃದಯದ ರಕ್ತನಾಳಗಳಲ್ಲಿ ಹರಿವು ಹೆಚ್ಚುವ ಸಾಮರ್ಥ್ಯ ಉತ್ತಮವಾಗಿತ್ತು. ಆದರೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ತೈವಾನಿನದು. ತೈಪೆಯ ಸ್ಪಾಗಳಲ್ಲಿ ಕೆಲಸ ಮಾಡುವ 100 ಯುವಜನರನ್ನು ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಎಣ್ಣೆಯ ಘಮ ಇರುವ ಕೋಣೆಯಲ್ಲಿ ಎರಡು ಗಂಟೆ ಕೂರಿಸಿ ಅಳತೆ ಮಾಡಿದರು, 2012ರಲ್ಲಿ ವರದಿ ಬಂತು. ಮೊದಲ ಒಂದು ಗಂಟೆ ಬಿಪಿಯೂ ಹೃದಯದ ಬಡಿತವೂ ಸ್ವಲ್ಪ ಇಳಿದವು. ಒಂದೂಕಾಲು ಗಂಟೆ ದಾಟಿದ ಮೇಲೆ ಎರಡೂ ವಾಪಸ್ ಏರಿದವು, ಮೊದಲಿದ್ದದ್ದಕ್ಕಿಂತ ಮೇಲಕ್ಕೇ ಹೋದವು. ರಾತ್ರಿಯಿಡೀ ಡಿಫ್ಯೂಸರ್ (ಎಣ್ಣೆಯ ಘಮವನ್ನು ಕೋಣೆಗೆ ಹರಡುವ ಸಾಧನ) ಹಾಕಿ ಮಲಗುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಮೂಸಿದಾಗ ಬಿಪಿ ಇಳಿಯುವುದು ಎಣ್ಣೆ ರಕ್ತನಾಳಕ್ಕೆ ಹೋಗಿ ಕೆಲಸ ಮಾಡಿದ್ದರಿಂದ ಅಲ್ಲ, ಮುಖ್ಯವಾಗಿ ಮನಸ್ಸು ಸಡಿಲವಾಗಿದ್ದರಿಂದ. ಮೂಗಿನ ನರಗಳು ಮೆದುಳಿನ ಭಾವನೆಯ ಭಾಗಕ್ಕೆ ನೇರ ಸಂಪರ್ಕ ಇಟ್ಟುಕೊಂಡಿವೆ. ಅಲ್ಲಿ ಗಾಬರಿ ಇಳಿದರೆ ನಾಳಗಳನ್ನು ಬಿಗಿಯುವ ನರಗಳ ಒತ್ತಡವೂ ಇಳಿಯುತ್ತದೆ. ಇನ್ನೊಂದು ತೊಡಕು ಅಂದರೆ, ಇಂಥ ಅಧ್ಯಯನಗಳಲ್ಲಿ ಯಾರಿಗೆ ಎಣ್ಣೆ ಕೊಟ್ಟರು, ಯಾರಿಗೆ ಬರೀ ನೀರು ಅಂತ ಮುಚ್ಚಿಡಲು ಆಗುವುದೇ ಇಲ್ಲ, ವಾಸನೆಯೇ ಹೇಳಿಬಿಡುತ್ತದೆ. ಹಾಗಾಗಿ ಎಷ್ಟು ಪಾಲು ಎಣ್ಣೆಯದು, ಎಷ್ಟು ನಂಬಿಕೆಯದು ಅಂತ ಬೇರೆ ಮಾಡುವುದು ಕಷ್ಟ.

ಮಾಡುವ ವಿಧಾನ ಸುಲಭ. ಡಿಫ್ಯೂಸರ್ ಇದ್ದರೆ 100 ಮಿಲಿ ನೀರಿಗೆ ಮೂರು ನಾಲ್ಕು ಹನಿ ಸಾಕು. ಕಿಟಕಿ ಸ್ವಲ್ಪ ತೆರೆದಿರಲಿ. ಅರ್ಧ ಗಂಟೆ ಆದ ಮೇಲೆ ಆಫ್ ಮಾಡಿ, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮರೆತೇ ಹೋಗುತ್ತದೆ. ಡಿಫ್ಯೂಸರ್ ಇಲ್ಲದಿದ್ದರೆ ಅದಕ್ಕೆ ಅಂತ ದುಡ್ಡು ಹಾಕಬೇಡಿ. ಹತ್ತಿಯ ಉಂಡೆಗೆ ಅಥವಾ ಕರ್ಚೀಫಿನ ತುದಿಗೆ ಒಂದು ಹನಿ ಹಾಕಿ, ಒಂದು ಗೇಣು ದೂರದಲ್ಲಿ ಇಟ್ಟುಕೊಂಡು ಕುಳಿತುಕೊಳ್ಳಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಹತ್ತು ಹದಿನೈದು ನಿಮಿಷ. ನಿಧಾನದ ಉಸಿರಾಟಕ್ಕೇ ಬಿಪಿಯನ್ನು ಸ್ವಲ್ಪ ಇಳಿಸುವ ಗುಣ ಇದೆ. ಎಣ್ಣೆಯ ಘಮ ನಿಮ್ಮನ್ನು ಆ ಹದಿನೈದು ನಿಮಿಷ ಸುಮ್ನೆ ಕೂರಿಸಿದರೆ ಅದರ ಕೆಲಸ ಮುಗಿಯಿತು ಅಂತ ನನ್ನ ಲೆಕ್ಕ.

ಯಾವ ಎಣ್ಣೆ? ಅಧ್ಯಯನ ಜಾಸ್ತಿ ಆಗಿರುವುದು ಲ್ಯಾವೆಂಡರ್ ಮೇಲೆ. ಆದರೆ ಎಷ್ಟೋ ಜನರಿಗೆ ಆ ವಾಸನೆ ಬಚ್ಚಲುಮನೆಯ ಫ್ರೆಶ್ನರ್ ನೆನಪಿಸುತ್ತದೆ, ಇಷ್ಟವಿಲ್ಲದ ವಾಸನೆಯಿಂದ ಯಾರಿಗೂ ನೆಮ್ಮದಿ ಬರುವುದಿಲ್ಲ. ಶ್ರೀಗಂಧ, ಲಾವಂಚ, ದವನ, ಕಿತ್ತಳೆ, ನಿಮಗೆ ಯಾವುದು ಹಿತವೋ ಅದು.

ಅಗರಬತ್ತಿ ಹಚ್ಚಿದರೂ ಇದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ, ಉಲ್ಟಾ. ಅಗರಬತ್ತಿ ಉರಿದಾಗ ಬರುವ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಇಳಿದು ರಕ್ತನಾಳದ ಒಳಪದರಕ್ಕೇ ತೊಂದರೆ ಕೊಡುತ್ತವೆ. ಸಿಂಗಾಪುರದಲ್ಲಿ ಸುಮಾರು 63 ಸಾವಿರ ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಮನೆಯಲ್ಲಿ ದೀರ್ಘಕಾಲ ಧೂಪ ಹಚ್ಚುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಹೆಚ್ಚು ಕಂಡಿತ್ತು. ಪೂಜೆಗೆ ಒಂದು ಕಡ್ಡಿ ಹಚ್ಚಿ, ಕಿಟಕಿ ತೆಗೆದಿಡಿ, ಯಾರೂ ಬೇಡ ಅನ್ನುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ದಿನವಿಡೀ ಬೇಡ.

ಅಳತೆ ಮಾಡಿ ನೋಡಿ, ಊಹೆ ಬೇಡ

ಇದರಿಂದ ನಿಮಗೆ ಉಪಯೋಗ ಆಗುತ್ತಿದೆಯಾ ಇಲ್ಲವಾ ಅಂತ ತಿಳಿಯಲು ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮಿಷಿನ್ ಬೇಕು. ಮಣಿಕಟ್ಟಿನದ್ದು ಬೇಡ, ಅಷ್ಟು ನಂಬಿಕೆಗೆ ಬರುವುದಿಲ್ಲ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಮೂತ್ರ ಮಾಡಿ ಬಂದಿರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಐದು ನಿಮಿಷ ಮಾತಿಲ್ಲದೆ ಕುಳಿತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಕಾಲ ಮೇಲೆ ಕಾಲು ಹಾಕಿ ಕೂತರೆ, ಅಳೆಯುವಾಗ ಮಾತಾಡಿದರೆ ನಂಬರ್ ಏರುತ್ತದೆ.

ಮೊದಲ ವಾರ ಯಾವ ಎಣ್ಣೆಯೂ ಇಲ್ಲದೆ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ ಬರೆದಿಡಿ. ಎರಡನೇ ವಾರ ಎಣ್ಣೆ ಇಲ್ಲದೆ ಬರೀ ನಿಧಾನದ ಉಸಿರಾಟ. ಮೂರನೇ ವಾರ ಎಣ್ಣೆಯ ಜೊತೆ. ಎರಡನೇ ವಾರಕ್ಕೂ ಮೂರನೇ ವಾರಕ್ಕೂ ಸರಾಸರಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ನಿಮಗೆ ಕೆಲಸ ಮಾಡಿದ್ದು ಉಸಿರಾಟ, ಎಣ್ಣೆಯ ದುಡ್ಡು ಉಳಿಯಿತು. ಮನೆಯ ಅಳತೆಯ ಸರಾಸರಿ 135/85 ಅಥವಾ ಅದಕ್ಕಿಂತ ಮೇಲೆಯೇ ಇದ್ದರೆ ಡಾಕ್ಟರಿಗೆ ಆ ಹಾಳೆ ತೋರಿಸಿ. ಇಳಿದಿದ್ದರೂ ನಿಮ್ಮಷ್ಟಕ್ಕೆ ನೀವೇ ಮಾತ್ರೆ ಕಡಿಮೆ ಮಾಡಬೇಡಿ.

ಮೈಗೆ ಹಚ್ಚುವುದಾದರೆ

ನೇರವಾಗಿ ಹಚ್ಚಬಾರದು. 10 ಮಿಲಿ ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ ಎರಡು ಹನಿ ಹಾಕಿದರೆ ಸುಮಾರು ಶೇಕಡಾ 1 ಆಗುತ್ತದೆ. ವಯಸ್ಸಾದವರಿಗೆ ಅಷ್ಟು ಸಾಕು, ಗಟ್ಟಿ ಚರ್ಮದವರಿಗೆ ನಾಲ್ಕು ಹನಿಯವರೆಗೆ ಹೋಗಬಹುದು. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ದಾಲ್ಚಿನ್ನಿ ತೊಗಟೆಯ ಎಣ್ಣೆ ಚರ್ಮಕ್ಕೆ ಬಹಳ ಖಾರ, ಅದನ್ನು ಬಿಟ್ಟುಬಿಡಿ. ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಕಾಲಿನ ನರ (ವೆರಿಕೋಸ್ ವೇನ್) ಉಬ್ಬಿದವರು ಅದರ ಮೇಲೆ ಜೋರಾಗಿ ತಿಕ್ಕಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ನೋವು ಬಂದು, ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಆಗ ಮಸಾಜ್ ಮಾಡಲೇಬಾರದು, ಆಸ್ಪತ್ರೆಗೆ ಹೋಗಿ.

ಇವರು ದೂರ ಇರಬೇಕು

ವಾರ್ಫರಿನ್, ಕ್ಲೋಪಿಡೊಗ್ರೆಲ್, ಆಸ್ಪಿರಿನ್ ಅಂತ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಬರುತ್ತಾರೆ, ಏಕೆಂದರೆ ಸ್ಟೆಂಟ್ ಹಾಕಿಸಿಕೊಂಡವರೇ ಇಂಥ ಮನೆಮದ್ದು ಹುಡುಕುವುದು ಜಾಸ್ತಿ. ನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆ ಬಹುತೇಕ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್ನಿನ ಹತ್ತಿರದ ಸಂಬಂಧಿ. ಅದರ ಒಂದು ಟೀ ಚಮಚದಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್‌ನಷ್ಟು ಶಕ್ತಿ ಇದೆ. ಸ್ಟೆಂಟ್ ಇರುವವರು ದಿನಕ್ಕೆ ನುಂಗುವುದು 75 ಮಿಲಿಗ್ರಾಂ, ಹೋಲಿಸಿ ನೋಡಿ. ಚರ್ಮದ ಮೂಲಕವೂ ಒಳಗೆ ಹೋಗಿ ವಾರ್ಫರಿನ್ ಪ್ರಭಾವ ಹೆಚ್ಚಿಸಿ ರಕ್ತಸ್ರಾವ ಆಗಿರುವುದುಂಟು. ಮಂಡಿನೋವಿನ ಮುಲಾಮುಗಳಲ್ಲೂ ಇದು ಇರುತ್ತದೆ, ಟ್ಯೂಬಿನ ಹಿಂದೆ ಓದಿ. ಲವಂಗದ ಯೂಜಿನಾಲ್ ಕೂಡ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ಮಾಡುತ್ತದೆ.

ಫಿಟ್ಸ್ ಇರುವವರು ನೀಲಗಿರಿ ಮತ್ತು ಕರ್ಪೂರದಿಂದ ದೂರ ಇರಿ. ಊಟಿಗೆ ಹೋದವರೆಲ್ಲ ಒಂದು ಬಾಟಲಿ ನೀಲಗಿರಿ ಎಣ್ಣೆ ತಂದೇ ತರುತ್ತಾರೆ, ಶೀತಕ್ಕೆ ಹಬೆ ತೆಗೆದುಕೊಳ್ಳುತ್ತಾರೆ. ಇವೆರಡರಿಂದ ಫಿಟ್ಸ್ ಬರುವುದರ ಬಗ್ಗೆ ಎಚ್ಚರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರೂ ಇದ್ದಾರೆ. ದಕ್ಷಿಣ ಭಾರತದ ಹಲವು ಆಸ್ಪತ್ರೆಗಳ ರೋಗಿಗಳನ್ನು ನಾಲ್ಕು ವರ್ಷ ಗಮನಿಸಿ ಬರೆದಿದ್ದಾರೆ. ಕೆಲವರಿಗೆ ಹಿಂದೆಂದೂ ಫಿಟ್ಸ್ ಬಂದೇ ಇರಲಿಲ್ಲ. ಪುಟ್ಟ ಮಕ್ಕಳ ಎದೆಗೆ, ಮೂಗಿಗೆ ಕರ್ಪೂರ ಬೆರೆಸಿದ ಎಣ್ಣೆ ಹಚ್ಚುವ ರೂಢಿ ಇದ್ದರೆ ಬಿಡಿ, ಅಜ್ಜಿ ಎಷ್ಟೇ ಹೇಳಿದರೂ.

ಆಸ್ತಮಾ ಇರುವವರಿಗೆ ಯಾವ ಗಾಢ ವಾಸನೆಯೂ ಉಬ್ಬಸ ತರಬಹುದು. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಬೇಡ. ಮನೆಯಲ್ಲಿ ಬೆಕ್ಕು ಇದ್ದರೆ ಡಿಫ್ಯೂಸರ್ ಬೇಡ, ಬೆಕ್ಕಿನ ಲಿವರ್ ಇವುಗಳನ್ನು ಕರಗಿಸಿ ಹೊರಹಾಕಲಾರದು.

ಜರ್ಮನಿಯಲ್ಲಿ ಲ್ಯಾವೆಂಡರ್ ಎಣ್ಣೆಯ 80 ಮಿಲಿಗ್ರಾಂ ಕ್ಯಾಪ್ಸೂಲ್ ಔಷಧಿಯಾಗಿ ಸಿಗುತ್ತದೆ, ಹಾಗಾಗಿ ಕುಡಿಯಬಹುದು ಅಂತ ಕೆಲವರು ವಾದ ಮಾಡುತ್ತಾರೆ. ಅದು ಆತಂಕಕ್ಕೆ ಕೊಡುವುದು, ರಕ್ತನಾಳಕ್ಕಲ್ಲ. ಅಳತೆ ಮಾಡಿ ತಯಾರಿಸಿದ ಔಷಧಿ ಬೇರೆ, ಆನ್‌ಲೈನಿನಲ್ಲಿ ತರಿಸಿದ ಬಾಟಲಿ ಬೇರೆ.

ಒಳಗೆ ಹೋಗಬೇಕು ಅಂದರೆ ಅಡುಗೆಮನೆಯಿಂದ

ಗಿಡದ ಎಣ್ಣೆ ಹೊಟ್ಟೆಗೆ ಹೋಗಲೇಬೇಕು ಅನ್ನುವ ಆಸೆ ಇದ್ದರೆ ಗಿಡವನ್ನೇ ತಿನ್ನಿ. ದೊಡ್ಡಪತ್ರೆ ತಂಬುಳಿ, ಪುದೀನ ಚಟ್ನಿ, ಮಜ್ಜಿಗೆ ಹುಲ್ಲಿನ ಕಷಾಯ, ಹೇರಳೆಕಾಯಿ ಚಿತ್ರಾನ್ನ, ಓಮ ಹಾಕಿದ ಮಜ್ಜಿಗೆ. ಅದೇ ಎಣ್ಣೆಗಳು, ದೇಹ ತಾಳುವಷ್ಟು ಪ್ರಮಾಣದಲ್ಲಿ. ಇವು ಬ್ಲಾಕ್ ಕರಗಿಸುತ್ತವೆ ಅಂತ ನಾನು ಹೇಳುವುದಿಲ್ಲ. ಇವುಗಳ ನಿಜವಾದ ಉಪಕಾರ ಬೇರೆಯೇ ಇದೆ: ಘಮ ಚೆನ್ನಾಗಿದ್ದರೆ ಉಪ್ಪು ಕಡಿಮೆ ಹಾಕಿದರೂ ರುಚಿಯಲ್ಲಿ ಕೊರತೆ ಗೊತ್ತಾಗುವುದಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲ ಸೇರಿ. ತಂಬುಳಿಗೆ ಉಪ್ಪು ಅರ್ಧ ಮಾಡಿ, ಒಂದೆರಡು ದೊಡ್ಡಪತ್ರೆ ಎಲೆ ಜಾಸ್ತಿ ಹುರಿದು ಹಾಕಿ ನೋಡಿ. ಉಪ್ಪು ಇಳಿದರೆ ಬಿಪಿ ಇಳಿಯುತ್ತದೆ ಅನ್ನುವುದಕ್ಕೆ ಯಾವ ಎಸೆನ್ಷಿಯಲ್ ಆಯಿಲ್‌ಗೂ ಇಲ್ಲದಷ್ಟು ಗಟ್ಟಿ ಆಧಾರ ಇದೆ.

ಕೊಳ್ಳುವಾಗ, ಇಡುವಾಗ

ಲೇಬಲ್ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ಬ್ಯಾಚ್ ನಂಬರ್ ಇರಬೇಕು. ಬರೀ "ಫ್ರೇಗ್ರೆನ್ಸ್ ಆಯಿಲ್" ಅಂತಿದ್ದರೆ ಅದು ಕೃತಕ ಸುಗಂಧ, ಮುಟ್ಟಬೇಡಿ. ಒಂದು ಹನಿಯನ್ನು ಬಿಳಿ ಹಾಳೆಯ ಮೇಲೆ ಬಿಟ್ಟು ಮರುದಿನ ನೋಡಿ. ಲ್ಯಾವೆಂಡರ್, ಕಿತ್ತಳೆಯಂಥವು ಹೆಚ್ಚಿನಂಶ ಹಾರಿ ಹೋಗಿರಬೇಕು, ಬಜ್ಜಿ ಇಟ್ಟ ಪೇಪರಿನ ಹಾಗೆ ಜಿಡ್ಡು ಕಲೆ ಉಳಿದಿದ್ದರೆ ಅಡುಗೆ ಎಣ್ಣೆ ಬೆರೆಸಿದ್ದಾರೆ. ಶ್ರೀಗಂಧ, ಲಾವಂಚ ಭಾರದ ಎಣ್ಣೆಗಳು, ನಿಧಾನಕ್ಕೆ ಹಾರುತ್ತವೆ, ಅವಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಮೈಸೂರಿನಲ್ಲಿ 1916ರಿಂದ ಸರ್ಕಾರವೇ ಗಂಧದೆಣ್ಣೆ ತೆಗೆಸುತ್ತಾ ಬಂದಿದೆ, ಅಸಲಿ ಗಂಧದೆಣ್ಣೆಯ ಬೆಲೆ ಅಲ್ಲಿ ಒಮ್ಮೆ ವಿಚಾರಿಸಿ. ಆಮೇಲೆ ಆನ್‌ಲೈನಿನಲ್ಲಿ ಇನ್ನೂರು ರೂಪಾಯಿಗೆ ಸಿಗುವ "ಶುದ್ಧ ಶ್ರೀಗಂಧ" ಏನು ಅಂತ ನಿಮಗೇ ಗೊತ್ತಾಗುತ್ತದೆ.

ಕಪ್ಪು ಅಥವಾ ಕಂದು ಗಾಜಿನ ಬಾಟಲಿ, ಬಿಗಿ ಮುಚ್ಚಳ, ತಂಪು ಜಾಗ. ಗಾಳಿ ತಾಗುತ್ತಾ ಹಳೆಯದಾದ ನಿಂಬೆ, ಲ್ಯಾವೆಂಡರ್ ಎಣ್ಣೆಯಿಂದ ಚರ್ಮಕ್ಕೆ ಅಲರ್ಜಿ ಬರುವುದು ಜಾಸ್ತಿ, ಹಾಗಾಗಿ ಸಣ್ಣ ಬಾಟಲಿ ತಂದು ವರ್ಷದೊಳಗೆ ಮುಗಿಸಿ. ಒಲೆಯ ಹತ್ತಿರ ಇಡಬೇಡಿ, ಬೆಂಕಿ ಹತ್ತಿಕೊಳ್ಳುವ ವಸ್ತು. ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ. ಅಕಸ್ಮಾತ್ ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ಯಾವ ಎಣ್ಣೆ, ಎಷ್ಟು ಹೋಗಿದೆ ಅಂತ ಡಾಕ್ಟರಿಗೆ ತಕ್ಷಣ ಗೊತ್ತಾಗಬೇಕು.